ಇದು ಯಾರ ಮಾತು?

1998ರ ನವೆಂಬರ್ ತಿಂಗಳ ಒಂದು ಮಧ್ಯಾಹ್ನ, ಇಂಗ್ಲೆಂಡಿನ ವಿಶ್ವವಿದ್ಯಾಲಯವೊಂದರಲ್ಲಿ ನಾನು ಬರೆದ ಮೊದಲ ಪ್ರಬಂಧ ಮೌಲ್ಯಮಾಪನಗೊಂಡು ನನ್ನ ಕೈಸೇರಿತು. ರಾಜ್ಯ ಸರ್ಕಾರದ ಸೇವೆಯಲ್ಲಿ ಹದಿನೈದು ವರ್ಷ ಕಳೆದ ಮೇಲೆ, ಅಧ್ಯಯನ ರಜೆ ಪಡೆದು, ಅಭಿವೃದ್ಧಿ ಅರ್ಥಶಾಸ್ತ್ರದಲ್ಲಿ ಒಂದು ವರ್ಷದ ಸ್ನಾತಕೋತ್ತರ ಪದವಿಗೆಂದು ಅಲ್ಲಿಗೆ ಹೋಗಿದ್ದೆ. ಪ್ರಬಂಧದ ಮಿತಿ ಮೂರು ಸಾವಿರ ಪದಗಳು. ಉತ್ತೀರ್ಣನಾಗಲು 50 ಅಂಕ ಬೇಕಿತ್ತು. ನನಗೆ ದೊರೆತದ್ದು 48.

ಅಂಕಕ್ಕಿಂತಲೂ ಹೆಚ್ಚಾಗಿ ನನ್ನನ್ನು ಕಾಡಿದ್ದು ಪುಟಗಳ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದ ಒಂದು ಪುಟ್ಟ ಪ್ರಶ್ನೆ. ‘ಇದು ಯಾರ ಮಾತು?’ ಒಂದಲ್ಲ, ಎರಡಲ್ಲ, ಹನ್ನೊಂದು ಕಡೆ ಅದೇ ಪ್ರಶ್ನೆ. ವ್ಯಾಕರಣದ ತಪ್ಪು ಎಂದು ಗುರುತಿಸಿದ್ದು ಇಡೀ ಪ್ರಬಂಧದಲ್ಲಿ ನಾಲ್ಕೈದು ಕಡೆ ಮಾತ್ರ. ನನ್ನ ಇಂಗ್ಲಿಷ್ ಸಾಲದೆಂದು ಹೆದರಿ ಹೋದವನಿಗೆ, ಸಾಲದೇ ಹೋದದ್ದು ಇಂಗ್ಲಿಷ್ ಅಲ್ಲ ಎಂದು ಅರಿವಾಗಲು ಕೆಲವು ವಾರಗಳೇ ಬೇಕಾದವು.

ವಿಷಯವಾದರೂ ನನಗೆ ಹೊಸದಾಗಿರಲಿಲ್ಲ. 1980ರ ಅಕ್ಟೋಬರ್ 2ರಂದು ದೇಶದ ಎಲ್ಲ ಬ್ಲಾಕುಗಳಿಗೂ ವಿಸ್ತರಿಸಲಾದ ಸಮಗ್ರ ಗ್ರಾಮೀಣ ಅಭಿವೃದ್ಧಿ ಕಾರ್ಯಕ್ರಮ, ಅಂದರೆ ಐಆರ್‌ಡಿಪಿ, ಬಡವರ ಆದಾಯವನ್ನು ನಿಜಕ್ಕೂ ಹೆಚ್ಚಿಸಿತೇ ಎಂಬುದು ಪ್ರಶ್ನೆ. ನನ್ನ ಸೇವೆಯ ಮೊದಲ ವರ್ಷಗಳು ಕಳೆದದ್ದೇ ಆ ಕಾರ್ಯಕ್ರಮದ ಫಲಾನುಭವಿಗಳ ಪಟ್ಟಿಗಳ ನಡುವೆ. ಸಾಲ ಮತ್ತು ಸಹಾಯಧನದಿಂದ ಕೊಂಡ ಎಮ್ಮೆಯೊಂದು ಬೆಳಿಗ್ಗೆ ಒಬ್ಬನ ಕೊಟ್ಟಿಗೆಯಲ್ಲಿಯೂ ಮಧ್ಯಾಹ್ನ ಇನ್ನೊಬ್ಬನ ಕೊಟ್ಟಿಗೆಯಲ್ಲಿಯೂ ತಪಾಸಣೆಗೆ ಬಂದ ಅಧಿಕಾರಿಗಳಿಗೆ ದರ್ಶನ ಕೊಡುತ್ತಿದ್ದುದನ್ನು ಕಣ್ಣಾರೆ ಕಂಡವನು ನಾನು. ಆದರೆ ಪ್ರಬಂಧದಲ್ಲಿ ಆ ಎಮ್ಮೆಯ ಸುಳಿವೇ ಇರಲಿಲ್ಲ. ಬಡತನವು ಬಹುಮುಖಿ ವಿದ್ಯಮಾನವೆಂದು ಬರೆದಿದ್ದೆ. ಕಾರ್ಯಕ್ರಮವು ಮಿಶ್ರ ಫಲ ನೀಡಿದೆಯೆಂದೂ, ಅನುಷ್ಠಾನದಲ್ಲಿ ಕೆಲವು ಲೋಪಗಳು ಕಂಡುಬಂದಿವೆಯೆಂದೂ ಬರೆದಿದ್ದೆ.

ನನ್ನ ಮಾರ್ಗದರ್ಶಕಿ ನನಗಿಂತ ನಾಲ್ಕೈದು ವರ್ಷ ಕಿರಿಯರು. ‘ಮಿಶ್ರ ಫಲವೆಂದು ತೀರ್ಮಾನಿಸಿದವರು ಯಾರು? ನೀವೇ? ನೀವು ಓದಿದ ಲೇಖಕರೇ? ನಿಮ್ಮ ಸರ್ಕಾರವೇ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಮುಜುಗರ ಕಳೆಯಲೆಂದು ಎಮ್ಮೆಯ ಪ್ರಸಂಗವನ್ನು ಹೇಳಿದೆ. ಅವರು ಮನಸಾರೆ ನಕ್ಕರು. ಅನಂತರ, ‘ಇದು ಪ್ರಬಂಧದಲ್ಲಿ ಏಕಿಲ್ಲ?’ ಎಂದರು. ಅದು ಬರೆಯುವಂಥ ವಿಷಯವೆಂದು ನನಗೆ ಹೊಳೆದೇ ಇರಲಿಲ್ಲ ಎಂಬುದೇ ಪ್ರಾಮಾಣಿಕ ಉತ್ತರವಾಗಿತ್ತು. ಅವರು ಇನ್ನೊಂದು ಮಾತನ್ನೂ ಸೇರಿಸಿದರು. ಒಂದು ಎಮ್ಮೆ ಏನನ್ನೂ ಸಾಬೀತುಪಡಿಸುವುದಿಲ್ಲ. ಅಂಥ ಎಮ್ಮೆಗಳು ಎಷ್ಟಿದ್ದವು, ಯಾರು ಎಣಿಸಿದ್ದಾರೆ, ಆ ಎಣಿಕೆಯನ್ನು ಒಪ್ಪದವರು ಏನೆನ್ನುತ್ತಾರೆ, ಇವೆಲ್ಲದರ ನಡುವೆ ನೀವು ಕಂಡದ್ದರ ತೂಕವೆಷ್ಟು ಎಂದು ಹೇಳಿದಾಗ ಮಾತ್ರ ಅದು ವಾದವಾಗುತ್ತದೆ ಎಂದರು.

ನನ್ನ ಹಿನ್ನೆಲೆಯನ್ನು ಇಲ್ಲಿ ಹೇಳಬೇಕು. ಚನ್ನರಾಯಪಟ್ಟಣ ತಾಲ್ಲೂಕಿನ ಹಳ್ಳಿಯಲ್ಲಿ ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಮುಂದೆ ಇಂಗ್ಲಿಷಿಗೆ ಹೊರಳಿ, 1981ರಲ್ಲಿ ಮಾನಸಗಂಗೋತ್ರಿಯಿಂದ ಅರ್ಥಶಾಸ್ತ್ರದಲ್ಲಿ ಎಂ.ಎ. ಪಡೆದವನು ನಾನು. ಅಂದಿನ ಪ್ರಶ್ನೆಪತ್ರಿಕೆಗಳಲ್ಲಿ ‘ವಿಮರ್ಶಾತ್ಮಕವಾಗಿ ಪರಿಶೀಲಿಸಿ’ ಎಂಬ ಆದೇಶ ತಪ್ಪದೇ ಇರುತ್ತಿತ್ತು. ಅದರ ಅರ್ಥ ನಮಗೆಲ್ಲ ಗೊತ್ತಿತ್ತು: ಒಂದು ವ್ಯಾಖ್ಯೆ, ಐದು ಗುಣ, ಐದು ದೋಷ, ಕೊನೆಗೆ ‘ಒಟ್ಟಿನಲ್ಲಿ’ ಎಂದು ಆರಂಭವಾಗುವ ಎರಡು ಸಾಲು. ಗೈಡುಗಳ ವಾಕ್ಯಗಳನ್ನು ಹಾಗೆಯೇ ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದೆವು. ನಡುನಡುವೆ ಮಾರ್ಷಲ್, ಕೇನ್ಸ್, ರಾಬಿನ್ಸ್ ಎಂದು ಹೆಸರುಗಳನ್ನು ಉದುರಿಸಿದರೆ ಅಂಕ ಹೆಚ್ಚು ಬರುತ್ತದೆಂಬ ನಂಬಿಕೆಯಿತ್ತು. ಅದು ಸುಳ್ಳೂ ಆಗಿರಲಿಲ್ಲ. ಮೂರು ಗಂಟೆಯಲ್ಲಿ ಐದು ಪ್ರಶ್ನೆ. ಮನೆಗೆ ಒಯ್ದು, ಎರಡು ವಾರ ಯೋಚಿಸಿ, ಬರೆದು, ಹರಿದು, ಮತ್ತೆ ಬರೆದು ತಾ ಎಂದು ಯಾವ ಅಧ್ಯಾಪಕರೂ ಹೇಳಲಿಲ್ಲ. ಯಾವ ಬರಹವನ್ನೂ ಎರಡನೆಯ ಬಾರಿ ಬರೆಯದೆ ನಾನು ಅರ್ಥಶಾಸ್ತ್ರದ ಸ್ನಾತಕೋತ್ತರ ಪದವೀಧರನಾಗಿಬಿಟ್ಟೆ!

ಅನಂತರದ ಹದಿನೈದು ವರ್ಷ ನನಗೆ ಬರವಣಿಗೆ ಕಲಿಸಿದ್ದು ಕಡತ. ಕಡತದ ಟಿಪ್ಪಣಿಯನ್ನು ಹೀಗಳೆಯುವವರ ಸಾಲಿಗೆ ನಾನು ಸೇರಲಾರೆ. ವಿಷಯವೇನು, ನಿಯಮವೇನು, ಪೂರ್ವನಿದರ್ಶನವಿದೆಯೇ, ಮುಂದಿರುವ ದಾರಿಗಳು ಯಾವುವು ಎಂದು ಒಂದೂವರೆ ಪುಟದಲ್ಲಿ ಹೇಳಬಲ್ಲ ಶಾಖಾಧಿಕಾರಿಗಳನ್ನು ಕಂಡಿದ್ದೇನೆ; ಅವರಿಂದ ಕಲಿತಿದ್ದೇನೆ. ಆದರೆ ಕಡತದ ಭಾಷೆಗೆ ಕರ್ತೃವಿಲ್ಲ. ‘ಪರಿಶೀಲಿಸಲಾಗಿದೆ’, ‘ಕಂಡುಬಂದಿದೆ’, ‘ಆದೇಶಕ್ಕಾಗಿ ಮಂಡಿಸಿದೆ’. ಪರಿಶೀಲಿಸಿದವನು ಯಾರು, ಯಾರಿಗೆ ಕಂಡುಬಂದಿತು ಎಂದು ಕೇಳುವಂತಿಲ್ಲ. ಮುಂದೊಂದು ದಿನ ಲೆಕ್ಕಪರಿಶೋಧನೆಯ ಆಕ್ಷೇಪಣೆ ಬಂದರೆ ಈ ಕರ್ಮಣಿ ಪ್ರಯೋಗವೇ ನಮ್ಮ ಕೊಡೆ. ಜೊತೆಗೆ, ಟಿಪ್ಪಣಿಯನ್ನು ಓದುವ ಮೇಲಧಿಕಾರಿಗೆ ಹಿಂದುಮುಂದು ಗೊತ್ತಿರುತ್ತದೆ. ಓದಲೇಬೇಕಾದ ಕರ್ತವ್ಯವೂ ಇರುತ್ತದೆ. ಪ್ರಬಂಧದ ಓದುಗನಿಗೆ ಇವೆರಡೂ ಇಲ್ಲ. ಅವನನ್ನು ಕೈಹಿಡಿದು ಒಂದು ವಾಕ್ಯದಿಂದ ಮುಂದಿನದಕ್ಕೆ ನಡೆಸಬೇಕಾದವನು ಲೇಖಕ. ಗೈಡು ಮತ್ತು ಕಡತ ಇವೆರಡೂ ಸೇರಿ ನನ್ನೊಳಗಿನ ‘ಯಾರು’ ಎಂಬುದನ್ನು ಅಳಿಸಿಹಾಕಿದ್ದವು.

ಅಲ್ಲಿನ ಗ್ರಂಥಾಲಯದಲ್ಲಿ ನನಗೆ ಮೊದಲು ನೆರವಾದವರು ನನ್ನದೇ ಜಾತಿಯ, ಎಂದರೆ ಸರ್ಕಾರಿ ನೌಕರ ಜಾತಿಯ, ಸರ್ ಅರ್ನೆಸ್ಟ್ ಗವರ್ಸ್. ಬ್ರಿಟಿಷ್ ಖಜಾನೆ ಇಲಾಖೆಯ ಕೋರಿಕೆಯಂತೆ ಅವರು ಬರೆದ ‘ಪ್ಲೇನ್ ವರ್ಡ್ಸ್’ ಪ್ರಕಟವಾದದ್ದು 1948ರಲ್ಲಿ. ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳ ಅಧಿಕಾರಿಗಳಿಗೇ ಇಂಗ್ಲಿಷ್ ಬರೆಯಲು ಪಾಠ ಬೇಕಾಯಿತೆಂಬುದು ನನಗೆ ದೊಡ್ಡ ಸಮಾಧಾನ ತಂದಿತು. ದೀರ್ಘ ಬರವಣಿಗೆ ಯಾರಿಗೂ ಹುಟ್ಟಿನಿಂದ ಬರುವುದಿಲ್ಲ. ಅದು ಕಲಿಯಬೇಕಾದ ಕಸುಬು.

ಎರಡನೆಯ ಪಾಠ ಮಾರ್ಗದರ್ಶಕಿಯಿಂದಲೇ ದೊರೆಯಿತು. ಬರೆದು ಮುಗಿಸಿದ ಪ್ರತಿಯೊಂದು ಪ್ಯಾರಾದ ಎದುರಿಗೂ, ಅದು ಏನು ಹೇಳುತ್ತದೆಂದು ಒಂದೇ ವಾಕ್ಯದಲ್ಲಿ ಅಂಚಿನಲ್ಲಿ ಬರೆಯಬೇಕು. ಆಮೇಲೆ ಪ್ರಬಂಧವನ್ನು ಬದಿಗಿಟ್ಟು ಅಂಚಿನ ವಾಕ್ಯಗಳನ್ನಷ್ಟೇ ಓದಬೇಕು. ನಾನು ಆ ವಾಕ್ಯಗಳನ್ನು ಕನ್ನಡದಲ್ಲಿ ಬರೆದೆ, ಅವರಿಗೆ ಓದಲು ಬಾರದಿರಲಿ ಎಂಬ ಸಣ್ಣ ಕಳ್ಳತನವೂ ಅದರಲ್ಲಿತ್ತು. ಆಗ ಗುಟ್ಟು ರಟ್ಟಾಯಿತು. ಕೆಲವು ಪ್ಯಾರಾಗಳ ಎದುರಿಗೆ ಬರೆಯಲು ಏನೂ ಹೊಳೆಯಲಿಲ್ಲ. ಅವುಗಳಲ್ಲಿ ಇಂಗ್ಲಿಷ್ ಇತ್ತು, ಮಾತಿರಲಿಲ್ಲ. ಕೆಲವು ಎರಡೆರಡು ಮಾತು ಹೇಳುತ್ತಿದ್ದವು. ಐದನೆಯದರಲ್ಲಿದ್ದ ಮಾತು ಹನ್ನೆರಡನೆಯದರಲ್ಲಿ ವೇಷ ಬದಲಿಸಿ ಮತ್ತೆ ಬಂದಿತ್ತು.

ಮೂರನೆಯದು ಪೂರ್ವಾಧ್ಯಯನಗಳ ಪರಾಮರ್ಶೆ. ನಮ್ಮ ಮಹಾಪ್ರಬಂಧಗಳಲ್ಲಿ ಈ ಅಧ್ಯಾಯ ಹಾಜರಿ ಪುಸ್ತಕದಂತಿರುತ್ತದೆ. ಇಂಥವರು ಇಂಥ ವರ್ಷ ಹೀಗೆಂದರು, ಅಂಥವರು ಅಂಥ ವರ್ಷ ಹಾಗೆಂದರು, ಎಲ್ಲರೂ ‘ಹಾಜರ್’. ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರ ತಮ್ಮ ಗ್ರಂಥದಲ್ಲಿ ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ವಿಶ್ಲೇಷಿಸಿ, ಅವು ಸಾಮಾನ್ಯವಾಗಿ ಮೂರು ಹೆಜ್ಜೆ ಇಡುತ್ತವೆಂದು ತೋರಿಸಿದರು: ಮೊದಲು ಕ್ಷೇತ್ರವನ್ನು ಗುರುತಿಸುವುದು, ಬಳಿಕ ಅದರಲ್ಲಿ ತೆರವಾಗಿರುವ ಜಾಗವನ್ನು ತೋರಿಸುವುದು, ಕೊನೆಗೆ ಅಲ್ಲಿ ತಾನು ನಿಲ್ಲುವುದು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಸಂಸ್ಕೃತ ಪಂಡಿತರು ಹೇಳುತ್ತಿದ್ದ ಮೀಮಾಂಸೆಯ ಅಧಿಕರಣ. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಮಂಡಿಸಿದ ಮೇಲಷ್ಟೇ ತನ್ನ ಸಿದ್ಧಾಂತವನ್ನು ಹೇಳುವ ಅಧಿಕಾರ ಬರುತ್ತದೆಂಬ ಶಿಸ್ತು ಈ ನೆಲದಲ್ಲಿ ಶತಮಾನಗಳ ಕಾಲ ಬಾಳಿತ್ತು. ಅದನ್ನು ನಾನು ಇಂಗ್ಲೆಂಡಿಗೆ ಹೋಗಿ ಮರಳಿ ಕಲಿಯಬೇಕಾಯಿತು. ಪೂರ್ವದವರ ಚಿಂತನೆ ಸುರುಳಿ ಸುತ್ತುತ್ತದೆ, ಇಂಗ್ಲಿಷಿನದು ನೇರಗೆರೆ ಎಂದು ರಾಬರ್ಟ್ ಕಪ್ಲಾನ್ 1966ರಲ್ಲಿ ಚಿತ್ರ ಬರೆದೇ ತೋರಿಸಿದ್ದರು. ಶಾಂಕರಭಾಷ್ಯದ ಒಂದು ಅಧಿಕರಣವನ್ನಾದರೂ ಅವರಿಗೆ ಯಾರಾದರೂ ಓದಿ ಹೇಳಬೇಕಿತ್ತು.

ಆ ವರ್ಷದ ಉಳಿದ ಕಥೆ ದೀರ್ಘವಾದೀತು. 1999ರ ಬೇಸಗೆಯಲ್ಲಿ ಹನ್ನೆರಡು ಸಾವಿರ ಪದಗಳ ಕಿರುಪ್ರಬಂಧವನ್ನು ಅದೇ ಐಆರ್‌ಡಿಪಿಯ ಮೇಲೆ ಬರೆದೆ. ಏಪ್ರಿಲ್‌ನಿಂದ ಆ ಕಾರ್ಯಕ್ರಮ ಸ್ವರ್ಣಜಯಂತಿ ಗ್ರಾಮ ಸ್ವರೋಜ್‌ಗಾರ್ ಯೋಜನೆಯಲ್ಲಿ ವಿಲೀನವಾದ್ದರಿಂದ, ವರ್ತಮಾನ ಕಾಲದಲ್ಲಿದ್ದ ನನ್ನ ಕ್ರಿಯಾಪದಗಳನ್ನೆಲ್ಲ ಭೂತಕಾಲಕ್ಕೆ ತಿದ್ದಬೇಕಾಯಿತು. ಎಮ್ಮೆಗೆ ಎರಡನೆಯ ಅಧ್ಯಾಯದಲ್ಲಿ ಒಂದು ಪ್ಯಾರಾ ಸಿಕ್ಕಿತು.

ಈ ಹಳೆಯ ಕಥೆಯನ್ನು ಈಗ ಹೇಳಲು ಕಾರಣ, ಕೆಲವು ತಿಂಗಳಿಂದ ಶನಿವಾರ ಮಧ್ಯಾಹ್ನ ನಮ್ಮ ಮನೆಗೆ ಬರುತ್ತಿರುವ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. ರಾಯಚೂರು ಜಿಲ್ಲೆ ದೇವದುರ್ಗ ತಾಲ್ಲೂಕಿನವಳು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಹಿಂದುಳಿದವೆಂದು ಗುರುತಿಸಿದ 114 ತಾಲ್ಲೂಕುಗಳಲ್ಲಿ 39 ಅತ್ಯಂತ ಹಿಂದುಳಿದವು, ದೇವದುರ್ಗ ಅವುಗಳಲ್ಲೊಂದು. ಪಿಯುಸಿವರೆಗೆ ಕನ್ನಡ ಮಾಧ್ಯಮ, ಈಗ ಬೆಂಗಳೂರಿನಲ್ಲಿ ಪಿಎಚ್.ಡಿ. 2006ರಲ್ಲಿ ಜಾರಿಗೆ ಬಂದ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯ ಮೊದಲ ಹತ್ತು ವರ್ಷಗಳಲ್ಲಿ ತನ್ನ ಸೀಮೆಯ ಹೆಂಗಸರ ಗುಳೆ ಏಕೆ ನಿಲ್ಲಲಿಲ್ಲ ಎಂಬುದು ಅವಳ ಸಂಶೋಧನೆ. ಮೊದಲ ದಿನವೇ, ‘ಹೇಳಾಕ ಬರ್ತದ್ರಿ ಸರ್, ಬರಿಯಾಕ ಬರಂಗಿಲ್ರಿ’ ಎಂದಳು. ಬಿಟ್ಟು ಊರಿಗೆ ಹೋಗಿ ಬಿ.ಇಡಿ. ಮಾಡುವುದೇ ಮೇಲೇನೋ ಎಂಬ ಯೋಚನೆ ಅವಳಿಗಿತ್ತು.

ಅವಳು ತಂದ ಅಧ್ಯಾಯದ ಮೊದಲ ವಾಕ್ಯ, ಕೃಷಿಯು ಭಾರತದ ಆರ್ಥಿಕತೆಯ ಬೆನ್ನೆಲುಬು ಎಂಬುದಾಗಿತ್ತು. ಓದುವುದನ್ನು ನಿಲ್ಲಿಸಿ, ನಿಮ್ಮ ಊರಿನಲ್ಲಿ ಆದದ್ದೇನು ಎಂದು ಕೇಳಿದೆ. ‘ಊರಾಗ ಕೆಲಸ ಇತ್ರಿ ಸರ್. ಆದ್ರ ರೊಕ್ಕ ಯಾವಾಗ ಬರ್ತದ ಅನ್ನೋದು ಗೊತ್ತಿರ್ತಿರಲಿಲ್ಲ. ಬೆಂಗಳೂರಿನ ಮೇಸ್ತ್ರಿ ಮೊದಲ ಕೈಯಾಗ ರೊಕ್ಕ ಕೊಟ್ಟು ಕರಕೊಂಡು ಹೋಗ್ತಿದ್ದ. ನಮ್ಮವ್ವ ಹಂಗ ಹೋದಾಕಿ.’ ಹದಿನೈದು ದಿನದೊಳಗೆ ಕೂಲಿ ಪಾವತಿಸಬೇಕೆಂದು ಆ ಕಾಯ್ದೆ ಹೇಳಿತ್ತು. ಗುಳೆಯನ್ನು ನಿರ್ಧರಿಸಿದ್ದು ಕೂಲಿಯ ದರವಲ್ಲ, ಕೂಲಿ ಕೈಸೇರುವ ದಿನದ ಅನಿಶ್ಚಿತತೆ ಎಂಬ ಊಹೆ ಆ ನಾಲ್ಕು ವಾಕ್ಯಗಳಲ್ಲಿತ್ತು. ಒಂದು ಮಹಾಪ್ರಬಂಧಕ್ಕೆ ಸಾಲುವ ಬಂಡವಾಳ ಅದು. ಅವಳ ನಲವತ್ತು ಪುಟಗಳ ಅಧ್ಯಾಯದಲ್ಲಿ ಮಾತ್ರ ಅದು ಎಲ್ಲಿಯೂ ಇರಲಿಲ್ಲ. ನನಗೆ ಎಮ್ಮೆ ನೆನಪಾಯಿತು.

ನಾನು ಅವಳಿಗೆ ಕೊಟ್ಟ ಮೊದಲ ಅಭ್ಯಾಸ ಕನ್ನಡದ್ದು. ನಮ್ಮ ಭಾಷೆಯಲ್ಲಿ ‘ಅಂತೆ’ ಎಂಬ ಒಂದು ಅದ್ಭುತ ಪ್ರತ್ಯಯವಿದೆ. ‘ಮಳೆ ಬಂತು’ ಎಂದರೆ ನಾನು ಕಂಡದ್ದು. ‘ಮಳೆ ಬಂತಂತೆ’ ಎಂದರೆ ಯಾರೋ ಹೇಳಿದ್ದು. ಅಕ್ಷರ ಬಾರದ ಅಜ್ಜಿಯೂ ಈ ವ್ಯತ್ಯಾಸವನ್ನು ತಪ್ಪದೇ ಪಾಲಿಸುತ್ತಾಳೆ. ನಿನ್ನ ಅಧ್ಯಾಯವನ್ನು ಕನ್ನಡದಲ್ಲಿ ಹೇಳಿಕೊಂಡು ಹೋಗು, ಎಲ್ಲೆಲ್ಲಿ ‘ಅಂತೆ’ ಬರುತ್ತದೋ ಅಲ್ಲಿ ಆಕರ ಕೊಡು, ಎಲ್ಲಿ ‘ಇರಬಹುದು’ ಬರುತ್ತದೋ ಅಲ್ಲಿ ಇಂಗ್ಲಿಷಿನಲ್ಲೂ ‘ಮೇ’ ಎಂದು ಬರೆ, ಎಲ್ಲಿ ಗಟ್ಟಿಯಾಗಿ ‘ಇದೆ’ ಎನ್ನುತ್ತೀಯೋ ಅಲ್ಲಿ ನಿನ್ನ ಕ್ಷೇತ್ರಕಾರ್ಯದ ಕೋಷ್ಟಕ ಇರಲಿ ಎಂದೆ. ಮೂರು ಶನಿವಾರಗಳಲ್ಲಿ ನಲವತ್ತು ಪುಟ ಹದಿನೇಳಕ್ಕೆ ಇಳಿಯಿತು. ಅವಳ ಇಂಗ್ಲಿಷಿನಲ್ಲಿ ‘ಎ’, ‘ದಿ’ಗಳ ತಪ್ಪು ಈಗಲೂ ಇದೆ. ಕನ್ನಡದಲ್ಲಿ ಇಲ್ಲದ ಈ ಉಪಪದಗಳ ವಿಷಯದಲ್ಲಿ ನನಗೂ ಇಂದಿಗೂ ಅನುಮಾನವೇ. ಅದನ್ನು ತಿಳಿದವರು ಅರ್ಧ ದಿನದಲ್ಲಿ ತಿದ್ದಿಕೊಡಬಲ್ಲರು. ಇಲ್ಲದ ವಾದವನ್ನು ಯಾರೂ ತಿದ್ದಿಕೊಡಲಾರರು.

ನಡುವೆ ಒಂದು ಶನಿವಾರ ಅವಳು ತಂದ ಪುಟಗಳು ನುಣ್ಣಗಿದ್ದವು. ಒಂದೂ ತಪ್ಪಿಲ್ಲ, ಪ್ಯಾರಾಗಳೆಲ್ಲ ಒಂದೇ ಅಳತೆ. ದೇವದುರ್ಗವೂ ಇಲ್ಲ, ಮೇಸ್ತ್ರಿಯೂ ಇಲ್ಲ. ‘ಇದು ಯಾರ ಮಾತಮ್ಮಾ?’ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಗೆಳತಿಯೊಬ್ಬಳು ಹೇಳಿದಂತೆ ಚಾಟ್‌ಜಿಪಿಟಿಯಿಂದ ಬರೆಸಿದೆ ಎಂದಳು. ಅವಳನ್ನು ಗದರಿಸಲು ನನಗೆ ಮನಸ್ಸಾಗಲಿಲ್ಲ. 2022ರ ನವೆಂಬರಿನಲ್ಲಿ ಆ ತಂತ್ರಾಂಶ ಬರುವ ಮುನ್ನವೂ ಹಣ ಪಡೆದು ಮಹಾಪ್ರಬಂಧ ಬರೆದುಕೊಡುವವರು ಇದ್ದೇ ಇದ್ದರು. ಬರೆಯುವುದನ್ನು ಕಲಿಸದೆ, ಬರೆದು ತಾ ಎನ್ನುವ ವ್ಯವಸ್ಥೆ ಇರುವವರೆಗೆ ಬರೆದುಕೊಡುವವರಿಗೆ ಬರವಿರುವುದಿಲ್ಲ.

ವ್ಯವಸ್ಥೆ ಮಾಡಿರುವುದನ್ನೂ ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಕೃತಿಚೌರ್ಯ ತಡೆ ನಿಯಮಾವಳಿಯನ್ನು ಹೊರಡಿಸಿತು. ಹೋಲಿಕೆ ಶೇ 10ರವರೆಗೆ ಇದ್ದರೆ ದಂಡನೆಯಿಲ್ಲ. ಶೇ 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. ಶೇ 60ರವರೆಗೆ ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. 2019ರ ಕೊನೆಗೆ ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಕುರಿತು ಎರಡು ಕ್ರೆಡಿಟ್‌ಗಳ ಪಠ್ಯವೂ ಕಡ್ಡಾಯವಾಯಿತು. ನಿಯಮಗಳು ಸರಿಯಾಗಿಯೇ ಇವೆ. ಇಂಥ ಸುತ್ತೋಲೆಗಳನ್ನು ಸ್ವತಃ ಕರಡು ಮಾಡಿದವನಾಗಿ ಅವುಗಳ ಅಚ್ಚುಕಟ್ಟನ್ನು ಮೆಚ್ಚುತ್ತೇನೆ. ಆದರೆ ಕದಿಯಬೇಡ ಎಂಬುದಕ್ಕೆ ಇಷ್ಟೆಲ್ಲ ಹಂತಗಳಿರುವಾಗ, ಗಳಿಸುವುದು ಹೇಗೆ ಎಂಬುದಕ್ಕೆ ಎಷ್ಟು ಜಾಗ? ಪಿಎಚ್.ಡಿ. ಕುರಿತ 2022ರ ನಿಯಮಾವಳಿಯಲ್ಲಿ, ಸಂಶೋಧನಾರ್ಥಿಗಳು ಪಡೆಯಬೇಕಾದ ತರಬೇತಿಯ ಸಾಲಿನಲ್ಲಿ ಬೋಧನೆ, ಶಿಕ್ಷಣಶಾಸ್ತ್ರಗಳ ಜೊತೆಗೆ ‘ಬರವಣಿಗೆ’ ಎಂಬ ಪದವೂ ಸೇರಿದೆ. ಅವಳ ವಿಭಾಗದಲ್ಲಿ ಅದನ್ನು ಕಲಿಸುವವರು ಯಾರು ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಪ್ರತಿ ವಿಭಾಗದಲ್ಲಿ ಒಬ್ಬ ಅಧ್ಯಾಪಕರಿಗೆ ವಾರಕ್ಕೆ ಆರು ಗಂಟೆ ಇದನ್ನೇ ಕಾರ್ಯಭಾರವೆಂದು ಪರಿಗಣಿಸಿ, ಎಂ.ಎ. ಹಂತದಲ್ಲೇ ಸೆಮಿಸ್ಟರಿಗೆ ಒಂದು ಪ್ರಬಂಧವನ್ನಾದರೂ ಎರಡು ಬಾರಿ ಬರೆಸಿ, ಮೊದಲ ಕರಡು ಕನ್ನಡದಲ್ಲಿದ್ದರೂ ಸ್ವೀಕರಿಸಿದರೆ ಖಜಾನೆಗೆ ತಗಲುವ ವೆಚ್ಚ ಅತ್ಯಲ್ಪ. ಹಣಕಾಸು ಇಲಾಖೆಯಲ್ಲಿ ಇದ್ದವನಾಗಿ ಈ ಮಾತು ಹೇಳುತ್ತಿದ್ದೇನೆ.

ಮೊನ್ನೆ ಅವಳ ಮೂರನೆಯ ಅಧ್ಯಾಯ ಮಾರ್ಗದರ್ಶಕರಿಂದ ಮರಳಿ ಬಂದಿತು. ಅವಳು ‘ನಾನು ವಾದಿಸುತ್ತೇನೆ’ ಎಂಬರ್ಥದಲ್ಲಿ ‘ಐ’ ಎಂದು ಬರೆದ ಕಡೆಯೆಲ್ಲ ಕೆಂಪು ಶಾಯಿಯಲ್ಲಿ ಹೊಡೆದು, ‘ವಾದಿಸಲಾಗಿದೆ’ ಎಂದು ತಿದ್ದಿದ್ದರು. ಸಂಶೋಧಕನಿಗೆ ‘ನಾನು’ ಸಲ್ಲದಂತೆ. ಎಂ.ಎನ್. ಶ್ರೀನಿವಾಸರ ಸಂಗತಿಯನ್ನು ಅವಳಿಗೆ ಹೇಳಿದೆ. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಅವರ ಕ್ಷೇತ್ರ ಟಿಪ್ಪಣಿಗಳು ಆಹುತಿಯಾದಾಗ, ಮೈಸೂರು ಬಳಿಯ ಆ ಹಳ್ಳಿಯನ್ನು ನೆನಪಿನಿಂದಲೇ ಬರೆದು 1976ರಲ್ಲಿ ‘ದಿ ರಿಮೆಂಬರ್ಡ್ ವಿಲೇಜ್’ ಪ್ರಕಟಿಸಿದರು. ಹಳ್ಳಿಯ ನಡುವೆ ತಾವೇ ಓಡಾಡುತ್ತ, ‘ನಾನು’ ಎಂದೇ ಬರೆದ ಆ ಕೃತಿಯನ್ನು ಶಾಸ್ತ್ರೀಯವಲ್ಲವೆಂದು ಯಾರು ತಳ್ಳಿಹಾಕಬಲ್ಲರು?

‘ಹಂಗಾದ್ರ ನಾನೂ ಇಡ್ಲೇನ್ರಿ ಸರ್?’ ಎಂದು ಕೇಳಿದಳು. ಮೂವತ್ತಕ್ಕೂ ಹೆಚ್ಚು ವರ್ಷ ಮೇಲಧಿಕಾರಿಗಳ ತಿದ್ದುಪಡಿಗಳನ್ನು ಒಪ್ಪಿಕೊಂಡು ನಿವೃತ್ತನಾದ ನಾನು, ಮೊದಲು ಪದವಿ ಕೈಗೆ ಬರಲಿ, ಈಗ ಅವರು ಹೇಳಿದಂತೆ ಮಾಡಿಬಿಡು ಎಂದೆ. ಹಾಗೆ ಹೇಳಿದ್ದು ನನಗೇ ಹಿತವೆನಿಸಲಿಲ್ಲ. ಕಳೆದ ಶನಿವಾರ ಅವಳು ತಿದ್ದಿದ ಪ್ರತಿ ತಂದಿದ್ದಳು. ಬಹುತೇಕ ಎಲ್ಲ ಕಡೆ ‘ವಾದಿಸಲಾಗಿದೆ’ ಆಗಿತ್ತು. ಅವಳ ತಾಯಿಗೆ ಮೇಸ್ತ್ರಿ ಮುಂಗಡ ಕೊಟ್ಟ ಪ್ರಸಂಗ ಬರುವ ಪುಟದಲ್ಲಿ ಮಾತ್ರ ಎರಡು ಕಡೆ ‘ಐ’ ಎಂಬುದನ್ನು ಹಾಗೆಯೇ ಉಳಿಸಿಕೊಂಡಿದ್ದಳು.